ಒಂದು ಹ್ಯಾಂಗರ್, ಹತ್ತು ಅಪ್ರೂವಲ್: ವಿಮಾನ ರಿಪೇರಿ ಸಂಸ್ಥೆಗಳ ಪರಸ್ಪರ ಮಾನ್ಯತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹೊರವಲಯದಲ್ಲಿ ವಿಮಾನದ ಬಿಡಿಭಾಗ ರಿಪೇರಿ ಮಾಡುವ ಒಂದು ಶಾಪ್ ಇದೆ. ಅದರ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ಅದಕ್ಕೂ ಮೊದಲು ಕೆಲವು ವರ್ಷ ಜರ್ಮನಿಯ ಒಂದು ಶಾಪ್‌ನಲ್ಲಿ ಇದೇ ಕೆಲಸ ಮಾಡಿದ್ದೆ. ನಮ್ಮ ರಿಸೆಪ್ಷನ್ ಗೋಡೆ ತುಂಬ ಫ್ರೇಮ್ ಹಾಕಿಸಿದ ಸರ್ಟಿಫಿಕೇಟ್‌ಗಳು ಸಾಲಾಗಿ ನೇತಾಡುತ್ತವೆ. ಬಂದವರೆಲ್ಲ ಮೊದಲು ಕೇಳುವುದೇ "ಇಷ್ಟೊಂದು ಯಾಕೆ?" ಅಂತ. ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಓದುವ ಹುಡುಗರು, ಹೊಸದಾಗಿ ಸೇರಿದ ಸಹೋದ್ಯೋಗಿಗಳು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಇಷ್ಟು ವರ್ಷ ಕೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಂದ ಶುರು ಮಾಡೋಣ

ಕಾರನ್ನ ಎಲ್ಲಿ ಬೇಕಾದ್ರೂ ಸರ್ವಿಸ್ ಮಾಡಿಸ್ತೀವಿ. ವಿಮಾನಕ್ಕೆ ಮಾತ್ರ ಯಾಕೆ ಈ ರಗಳೆ?

ಕೆಎ ನಂಬರಿನ ಕಾರನ್ನು ಕಾಸರಗೋಡಿನಲ್ಲಿ ರಿಪೇರಿ ಮಾಡಿಸಿದರೆ ಯಾರೂ ಏನೂ ಕೇಳುವುದಿಲ್ಲ. ವಿಮಾನ ಹಾಗಲ್ಲ. ಕೆಲಸ ಮುಗಿದ ಮೇಲೆ "ಇದು ಹಾರಲು ಸರಿಯಾಗಿದೆ" ಎಂದು ಒಬ್ಬರು ಸಹಿ ಹಾಕಬೇಕು. ಆ ಸಹಿಗೆ ಬೆಲೆ ಬರುವುದು ಸಂಸ್ಥೆಗೆ ಅಪ್ರೂವಲ್ ಇದ್ದಾಗ ಮಾತ್ರ. ಕಟ್ಟಡ, ಟೂಲ್‌ಗಳು, ಅವುಗಳ ಕ್ಯಾಲಿಬ್ರೇಶನ್, ತಯಾರಕರ ಮ್ಯಾನ್ಯುಯಲ್‌ನ ಈಗಿನ ಆವೃತ್ತಿ, ತರಬೇತಿ ಪಡೆದ ಜನ, ಕೆಲಸದ ಕ್ರಮ ಇವಿಷ್ಟನ್ನೂ ನೋಡಿಯೇ ಅಪ್ರೂವಲ್ ಕೊಡುತ್ತಾರೆ. ಅದರಲ್ಲೂ ಮಿತಿ ಇರುತ್ತದೆ. ಭಾರತದ ಮತ್ತು ಯುರೋಪಿನ ಪದ್ಧತಿಯಲ್ಲಿ ಎ ಅಂದರೆ ಇಡೀ ವಿಮಾನ, ಬಿ ಅಂದರೆ ಎಂಜಿನ್, ಸಿ ಅಂದರೆ ಬಿಡಿಭಾಗ, ಡಿ ಅಂದರೆ ವಿಶೇಷ ಪರೀಕ್ಷೆ. ನಮ್ಮದು ಸಿ. ಎಂಜಿನ್ ನಮ್ಮ ಬಾಗಿಲಿಗೇ ಬಂದು ನಿಂತರೂ ನಾವು ಸ್ಪ್ಯಾನರ್ ಮುಟ್ಟುವ ಹಾಗಿಲ್ಲ.

ಎಲ್ಲಾ ಕಡೆ 145, 145 ಅಂತಾರಲ್ಲ, ಏನದು?

ನಿಯಮದ ಅಧ್ಯಾಯದ ನಂಬರ್, ಅಷ್ಟೇ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯಲ್ಲಿ ರಿಪೇರಿ ಕೇಂದ್ರಗಳ ನಿಯಮ 14 ಸಿಎಫ್‌ಆರ್ ಪಾರ್ಟ್ 145. ಯುರೋಪ್ ಆ ನಂಬರನ್ನೇ ಇಟ್ಟುಕೊಂಡಿತು. ಮೊದಲು ಅದು ಜಾರ್-145 ಆಗಿತ್ತು, ಈಗ ಪಾರ್ಟ್-145. ನಮ್ಮ ದೇಶದ ನಿಯಂತ್ರಕ ಸಂಸ್ಥೆ ಡಿಜಿಸಿಎಯದು ಸಿಎಆರ್-145, ಬಹುಪಾಲು ಯುರೋಪಿನ ದಾರಿಯಲ್ಲೇ ಬರೆದದ್ದು. ನಂಬರ್ ಒಂದೇ ಆದ ಮಾತ್ರಕ್ಕೆ ಒಳಗಿರುವುದೂ ಒಂದೇ ಅಂದುಕೊಳ್ಳಬೇಡಿ. ಆ ಕಥೆ ಮುಂದೆ ಬರುತ್ತದೆ.

ಡಿಜಿಸಿಎ ಒಪ್ಪಿದ ಮೇಲೆ ಇನ್ಯಾರ ಅಪ್ಪಣೆ ಯಾಕೆ ಬೇಕು?

ವಿಮಾನದ ಹಿಂಭಾಗದಲ್ಲಿ ಬರೆದಿರುವ ಅಕ್ಷರ ನೋಡಿ. ವಿಟಿ ಅಂದರೆ ಭಾರತ, ಎನ್ ಅಂದರೆ ಅಮೆರಿಕ, ಡಿ ಅಂದರೆ ಜರ್ಮನಿ, ಇಐ ಅಂದರೆ ಐರ್ಲೆಂಡ್, 9ವಿ ಅಂದರೆ ಸಿಂಗಪುರ. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಅದರ ಹಾರಾಟಯೋಗ್ಯತೆಗೆ ಆ ದೇಶವೇ ಹೊಣೆ. ಹಾಗಾಗಿ ಡಿ ಅಕ್ಷರದ ವಿಮಾನ ಬೆಂಗಳೂರಿನಲ್ಲಿ ನಿಂತಿದ್ದರೂ ಅದರ ಮೇಲೆ ಕೈ ಹಾಕುವವರು ಯುರೋಪಿನ ನಿಯಂತ್ರಕರು ಒಪ್ಪಿದವರೇ ಆಗಿರಬೇಕು. ಡಿಜಿಸಿಎಯ ಅಪ್ರೂವಲ್ ಕಳಪೆ ಅಂತಲ್ಲ. ಆ ವಿಮಾನ ಡಿಜಿಸಿಎಯ ಮಗು ಅಲ್ಲ, ಅಷ್ಟೇ.

ಇದರ ಫಲ ಗೋಡೆಯ ಮೇಲಿನ ಸಾಲು. ಗಿರಾಕಿ ಎಷ್ಟು ದೇಶದಿಂದ ಬರುತ್ತಾರೋ ಅಷ್ಟು ಅಪ್ರೂವಲ್, ಅಷ್ಟು ಆಡಿಟ್, ಅಷ್ಟು ಫೀಸು. ಒಂದು ತಿಂಗಳು ಒಬ್ಬರು ಬಂದು ಟಾರ್ಕ್ ರೆಂಚ್‌ನ ಕ್ಯಾಲಿಬ್ರೇಶನ್ ಸ್ಟಿಕ್ಕರ್ ನೋಡುತ್ತಾರೆ. ಮುಂದಿನ ತಿಂಗಳು ಇನ್ನೊಬ್ಬರು ಬಂದು ಅದೇ ರೆಂಚ್‌ನ ಅದೇ ಸ್ಟಿಕ್ಕರ್ ನೋಡುತ್ತಾರೆ.

1944ರಲ್ಲೇ ಎಲ್ಲ ದೇಶಗಳೂ ಒಪ್ಪಂದ ಮಾಡ್ಕೊಂಡಿಲ್ವಾ?

ಮಾಡಿಕೊಂಡಿವೆ. ಆದರೆ ಅದರಲ್ಲಿ ರಿಪೇರಿ ಸಂಸ್ಥೆಗಳ ಮಾತಿಲ್ಲ. ಷಿಕಾಗೊ ಒಪ್ಪಂದದ 33ನೇ ವಿಧಿ ವಿಮಾನದ ಹಾರಾಟಯೋಗ್ಯತಾ ಪತ್ರವನ್ನೂ ಸಿಬ್ಬಂದಿಯ ಲೈಸೆನ್ಸನ್ನೂ ಪರಸ್ಪರ ಒಪ್ಪಬೇಕು ಅನ್ನುತ್ತದೆ. ಕನಿಷ್ಠ ಮಟ್ಟ ಪಾಲಿಸಿರಬೇಕು ಅನ್ನುವುದೊಂದೇ ಷರತ್ತು. ಅದಕ್ಕೇ ವಿಟಿ ವಿಮಾನ ಲಂಡನ್ನಿಗೆ ಹೋಗಿ ಇಳಿಯಬಹುದು. ಲಂಡನ್ನಿನ ಯಾವ ಹ್ಯಾಂಗರ್ ಅದನ್ನು ಬಿಚ್ಚಬಹುದು ಅನ್ನುವುದಕ್ಕೆ ಆ ವಿಧಿಯಲ್ಲಿ ಉತ್ತರ ಇಲ್ಲ.

ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊದ 8ನೇ ಅನುಬಂಧದಲ್ಲಿ ಈಗ ರಿಪೇರಿ ಸಂಸ್ಥೆಗಳಿಗೂ ಜಾಗ ಇದೆ. ಇನ್ನೊಂದು ದೇಶದ ಅಪ್ರೂವಲ್ ಒಪ್ಪುವುದಾದರೆ ಅದಕ್ಕೆ ಸರಿಯಾದ ಕ್ರಮ ಇರಬೇಕು ಅನ್ನುತ್ತದೆ. ಒಪ್ಪಲೇಬೇಕು ಅಂತ ಯಾರನ್ನೂ ಕಟ್ಟಿಹಾಕುವುದಿಲ್ಲ. ಒಪ್ಪುವವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಬೇಕು.

ಹಾಗಾದ್ರೆ ಪರಸ್ಪರ ಮಾನ್ಯತೆ ಅಂದ್ರೆ ನಿಜವಾಗಿ ಏನು?

ಹುಡುಗನನ್ನು ನೋಡಲು ಪ್ರತಿಸಲ ಅವನ ಊರಿಗೇ ಹೋಗುವುದು ಒಂದು ದಾರಿ. ಆ ಊರಲ್ಲೇ ಇರುವ ಸೋದರಮಾವನ ಮಾತು ನಂಬುವುದು ಇನ್ನೊಂದು. ಪರಸ್ಪರ ಮಾನ್ಯತೆ ಎರಡನೆಯದು. ಅಮೆರಿಕದವರು ಜರ್ಮನಿಯ ಹ್ಯಾಂಗರನ್ನು ನಂಬುತ್ತಿಲ್ಲ, ಆ ಹ್ಯಾಂಗರನ್ನು ನೋಡಿಕೊಳ್ಳುವ ಜರ್ಮನಿಯ ನಿಯಂತ್ರಕರನ್ನು ನಂಬುತ್ತಿದ್ದಾರೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

## ಒಪ್ಪಂದ ನಡೆಯುವ ಬಗೆ

ಅಮೆರಿಕ ಮತ್ತು ಯುರೋಪ್ ಮಧ್ಯೆ ಇರೋದು ಹೇಗೆ ಕೆಲಸ ಮಾಡತ್ತೆ?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಉಳಿದವರೆಲ್ಲ ಮಾದರಿಯಾಗಿ ನೋಡುವುದು ಇದನ್ನೇ.

ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ವಿಮಾನ ಸುರಕ್ಷತಾ ಒಪ್ಪಂದಕ್ಕೆ ಸಹಿ ಬಿದ್ದದ್ದು 2008ರ ಜೂನ್ 30ರಂದು. ಜಾರಿಗೆ ಬಂದದ್ದು 2011ರ ಮೇ 1ರಂದು. ಇಂಥ ಒಪ್ಪಂದವನ್ನು ನಮ್ಮ ಕಡೆ ‘ಬಾಸಾ’ ಅನ್ನುತ್ತಾರೆ. ಅದರ 2ನೇ ಅನುಬಂಧ ಪೂರ್ತಿ ರಿಪೇರಿ ಸಂಸ್ಥೆಗಳದ್ದು. ಅದನ್ನು ನೆಲದ ಮೇಲೆ ಹೇಗೆ ನಡೆಸಬೇಕು ಅಂತ ಹೇಳುವ ಕೈಪಿಡಿ ಎಂಎಜಿ. ಎಲ್ಲರೂ ‘ಮ್ಯಾಗ್’ ಅನ್ನುತ್ತಾರೆ.

ನಾನಿದ್ದ ಜರ್ಮನ್ ಶಾಪ್‌ಗೆ ಯುರೋಪಿನ ಪಾರ್ಟ್-145 ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಜರ್ಮನಿಯ ನಿಯಂತ್ರಕ ಸಂಸ್ಥೆ ಎಲ್‌ಬಿಎ. ಜೊತೆಗೆ ಎಫ್‌ಎಎಯ ಸರ್ಟಿಫಿಕೇಟೂ ಇತ್ತು. ಆದರೆ ಎಫ್‌ಎಎಗೆ ಅಂತ ಎರಡನೇ ದಪ್ಪ ಪುಸ್ತಕ ಬರೆದಿರಲಿಲ್ಲ. ನಮ್ಮ ಎಕ್ಸ್‌ಪೊಸಿಷನ್ (ಶಾಪ್ ಕೆಲಸ ಮಾಡುವ ಕ್ರಮ ಬರೆದ ಪುಸ್ತಕ) ಕೊನೆಗೆ ಒಂದು ತೆಳುವಾದ ಸಪ್ಲಿಮೆಂಟ್ ಸೇರಿಸಿದ್ದೆವು. ಆಡಿಟ್‌ಗೆ ಬಂದ ಎಲ್‌ಬಿಎ ಇನ್‌ಸ್ಪೆಕ್ಟರ್ ಬೆಳಿಗ್ಗೆಯಿಂದ ಯುರೋಪಿನ ನಿಯಮ ಹಿಡಿದು ಶಾಪ್ ಸುತ್ತಿದರು. ಮಧ್ಯಾಹ್ನ ಕಾಫಿ ಕುಡಿದು, ಇನ್ನೊಂದು ಚೆಕ್‌ಲಿಸ್ಟ್ ತೆಗೆದು, ಅದೇ ಕುರ್ಚಿಯಲ್ಲಿ ಕೂತು ಎಫ್‌ಎಎ ಪರವಾಗಿ ಪ್ರಶ್ನೆ ಕೇಳತೊಡಗಿದರು. ಒಬ್ಬರೇ ಮನುಷ್ಯ, ಎರಡು ಟೋಪಿ. ಅಮೆರಿಕದ ಕಡೆಯೂ ಹೀಗೇ. ಅಲ್ಲಿನ ರಿಪೇರಿ ಕೇಂದ್ರಕ್ಕೆ ಯುರೋಪಿನ ಅಪ್ರೂವಲ್ ಬೇಕಾದರೆ ಎಫ್‌ಎಎ ಇನ್‌ಸ್ಪೆಕ್ಟರೇ ನೋಡಿ ಶಿಫಾರಸು ಮಾಡುತ್ತಾರೆ. ಸರ್ಟಿಫಿಕೇಟ್ ಕೊಡುವುದು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ, ಅಂದರೆ ಬಾಯಿಮಾತಿನ ‘ಇಯಾಸಾ’.

ಹಾಗಂತ ಕಣ್ಣು ಮುಚ್ಚಿ ನಂಬುವುದಿಲ್ಲ. ಎರಡೂ ಕಡೆಯವರು ಕೆಲವು ಶಾಪ್‌ಗಳನ್ನು ಆರಿಸಿ ಮಾದರಿ ತಪಾಸಣೆ ಮಾಡುತ್ತಾರೆ. ಇನ್ನೊಂದು ವಿಷಯ: ಒಪ್ಪಂದ ಯುರೋಪಿನ ಜೊತೆ ಆಗಿದ್ದರೂ ರಿಪೇರಿ ವಿಷಯದಲ್ಲಿ ಲಾಭ ಸಿಗುವುದು ಪಟ್ಟಿಯಲ್ಲಿ ಹೆಸರಿರುವ ಸದಸ್ಯ ದೇಶಗಳಿಗೆ ಮಾತ್ರ. ಆ ದೇಶದ ನಿಯಂತ್ರಕರ ಕೆಲಸ ನೋಡಿ ತೃಪ್ತಿಯಾದ ಮೇಲೆಯೇ ಹೆಸರು ಸೇರುವುದು. ಸೋದರಮಾವನನ್ನೂ ಪರೀಕ್ಷೆ ಮಾಡುತ್ತಾರೆ ಅಂತಾಯಿತು.

ಎರಡೂ 145 ಅಂದ್ಮೇಲೆ ಆ ಸಪ್ಲಿಮೆಂಟಲ್ಲಿ ಬರೆಯೋಕೆ ಏನಿರತ್ತೆ?

ವ್ಯತ್ಯಾಸಗಳು ಮಾತ್ರ. ಒಂದೆರಡು ಹೇಳುತ್ತೇನೆ.

ಗಂಭೀರ ದೋಷ ಕಂಡರೆ ಯುರೋಪಿನ ನಿಯಮದ ಪ್ರಕಾರ 72 ಗಂಟೆಯೊಳಗೆ ವರದಿ ಮಾಡಬೇಕು. ಅಮೆರಿಕದ ಪಾರ್ಟ್ 145ರಲ್ಲಿ 96 ಗಂಟೆ. ಒಂದೇ ಬಿರುಕು, ಎರಡು ಗಡಿಯಾರ. ಜಾಣರು 72ಕ್ಕೇ ಎರಡನ್ನೂ ಮುಗಿಸಿಬಿಡುತ್ತಾರೆ.

ಸಹಿ ಹಾಕುವವರ ಅರ್ಹತೆಯೂ ಬೇರೆ. ಅಮೆರಿಕದೊಳಗಿನ ಕೇಂದ್ರದಲ್ಲಿ ಕೆಲಸ ಒಪ್ಪಿ ಸಹಿ ಹಾಕುವವರಿಗೆ ಎಫ್‌ಎಎಯ ವೈಯಕ್ತಿಕ ಸರ್ಟಿಫಿಕೇಟ್ ಬೇಕು. ಅಮೆರಿಕದ ಹೊರಗಿನ ಕೇಂದ್ರದಲ್ಲಿ ಅದು ಬೇಡ, ತರಬೇತಿ ಅಥವಾ 18 ತಿಂಗಳ ಅನುಭವ ಇದ್ದರೆ ಸಾಕು. ಆದರೆ ಇಂಗ್ಲಿಷ್ ಓದಿ, ಬರೆದು, ಅರ್ಥ ಮಾಡಿಕೊಳ್ಳಲು ಬರಬೇಕು.

ಈಚಿನ ದೊಡ್ಡ ವ್ಯತ್ಯಾಸ ಎಸ್‌ಎಂಎಸ್. ಮೊಬೈಲ್ ಮೆಸೇಜ್ ಅಲ್ಲ, ಸುರಕ್ಷತಾ ನಿರ್ವಹಣಾ ವ್ಯವಸ್ಥೆ. ಅಪಾಯ ಎಲ್ಲಿದೆ ಅಂತ ಮೊದಲೇ ಹುಡುಕಿ, ಬರೆದಿಟ್ಟು, ಬೆನ್ನು ಹತ್ತುವ ಕ್ರಮ. ಯುರೋಪ್ ಇದನ್ನು ಪಾರ್ಟ್-145 ಸಂಸ್ಥೆಗಳಿಗೆ 2022ರ ಡಿಸೆಂಬರ್ 2ರಿಂದ ಕಡ್ಡಾಯ ಮಾಡಿ, ಹೊಂದಿಕೊಳ್ಳಲು 2024ರ ಡಿಸೆಂಬರ್ 2ರವರೆಗೆ ಸಮಯ ಕೊಟ್ಟಿತು. ಎಫ್‌ಎಎ 2024ರಲ್ಲಿ ಎಸ್‌ಎಂಎಸ್ ನಿಯಮ ವಿಸ್ತರಿಸಿತು, ಆದರೆ ರಿಪೇರಿ ಕೇಂದ್ರಗಳನ್ನು ಅದರಲ್ಲಿ ಕಡ್ಡಾಯವಾಗಿ ಸೇರಿಸಲಿಲ್ಲ. ಹಾಗಾಗಿ ಯುರೋಪಿನ ಅಪ್ರೂವಲ್ ಇಟ್ಟುಕೊಂಡ ಅಮೆರಿಕದ ಶಾಪ್‌ಗಳು ತಮ್ಮ ದೇಶ ಕೇಳದಿದ್ದರೂ ಯುರೋಪಿಗೋಸ್ಕರ ಎಸ್‌ಎಂಎಸ್ ಕಟ್ಟಬೇಕಾಯಿತು. ಸಪ್ಲಿಮೆಂಟ್ ತೆಳು ಅಂದೆನಲ್ಲ, ಆಗಾಗ ಹೀಗೆ ದಪ್ಪ ಆಗುತ್ತದೆ.

ಎರಡನೇ ಸರ್ಟಿಫಿಕೇಟೇ ಇಲ್ಲದೆ ನಡೆಯೋ ಒಪ್ಪಂದ ಎಲ್ಲೂ ಇಲ್ವಾ?

ಇದೆ. ಅಮೆರಿಕ ಮತ್ತು ಕೆನಡಾ ನೋಡಿ. ಕೆನಡಾದ ನಿಯಂತ್ರಕರು ಒಪ್ಪಿದ ರಿಪೇರಿ ಸಂಸ್ಥೆ ಅಮೆರಿಕದಲ್ಲಿ ನೋಂದಣಿಯಾದ ವಿಮಾನದ ಕೆಲಸ ಮಾಡಿ ಬಿಡುಗಡೆ ಮಾಡಬಹುದು. ಎಫ್‌ಎಎಯಿಂದ ಬೇರೆ ಸರ್ಟಿಫಿಕೇಟ್ ಬೇಡ. ಇದು ಅಮೆರಿಕದ ನಿಯಮದಲ್ಲೇ ಇದೆ: 14 ಸಿಎಫ್‌ಆರ್ 43.17. ಆದರೂ ಒಂದು ಗೆರೆ ಎಳೆದಿದ್ದಾರೆ. ವಾರ್ಷಿಕ ತಪಾಸಣೆಗೆ ಸಹಿ ಹಾಕುವ ಹಾಗಿಲ್ಲ.

ನಿಜವಾದ ಪರಸ್ಪರ ಮಾನ್ಯತೆ ಅಂದರೆ ನನ್ನ ಮಟ್ಟಿಗೆ ಇದು. ಅಮೆರಿಕ–ಯುರೋಪಿನದು ‘ಆಡಿಟ್ ಹಂಚಿಕೊಳ್ಳುವ ಒಪ್ಪಂದ’. ಗೋಡೆಯ ಮೇಲೆ ಫ್ರೇಮ್ ಇನ್ನೂ ಎರಡೇ.

ಚೀನಾ, ಹಾಂಗ್‌ಕಾಂಗ್, ಮಕಾವ್ ಕೂಡ ಹೀಗೇ ಒಂದು ವ್ಯವಸ್ಥೆ ಮಾಡಿಕೊಂಡಿವೆ. ದೇಶ ಒಂದೇ ಆದರೂ ನಿಯಂತ್ರಕರು ಮೂವರು. ಒಬ್ಬರು ಒಪ್ಪಿದ ಸಂಸ್ಥೆಯನ್ನು ಉಳಿದಿಬ್ಬರೂ ಒಪ್ಪುತ್ತಾರೆ.

ಬಾಸಾ ಇದೆ ಅಂದ್ರೆ ರಿಪೇರಿಗೂ ಮಾನ್ಯತೆ ಇದೆ ಅಂತ ತಾನೆ?

ಇಲ್ಲ. ಪೇಪರಿನವರೂ ಎಡವುವುದು ಇಲ್ಲೇ. ಬಾಸಾ ಒಂದು ದೊಡ್ಡ ಚೀಲ. ಅದರೊಳಗೆ ಯಾವ ಅನುಬಂಧ ಇದೆ ಅನ್ನುವುದು ಮುಖ್ಯ. ಯುರೋಪಿನ ಜೊತೆ ಕೆನಡಾದ ಒಪ್ಪಂದ 2011ರಲ್ಲಿ, ಬ್ರೆಜಿಲ್‌ನದು 2013ರಲ್ಲಿ ಜಾರಿಗೆ ಬಂತು. ಎರಡರಲ್ಲೂ ರಿಪೇರಿ ಇದೆ. ಯುರೋಪ್–ಚೀನಾ ಒಪ್ಪಂದ 2020ರ ಸೆಪ್ಟೆಂಬರ್ 1ರಿಂದ ಜಾರಿಯಾದಾಗ ಅದರಲ್ಲಿ ಇದ್ದದ್ದು ವಿಮಾನದ ವಿನ್ಯಾಸ, ತಯಾರಿಕೆ, ಪರಿಸರ ಪ್ರಮಾಣಪತ್ರದ ಮಾತು. ಭಾರತ ಮತ್ತು ಅಮೆರಿಕದ ಬಾಸಾ 2011ರದ್ದು. ಅದೂ ವಿನ್ಯಾಸ ಮತ್ತು ಉಪಕರಣಗಳ ಕಡೆಯದು. "ಭಾರತಕ್ಕೆ ಬಾಸಾ ಇದೆಯಲ್ಲ, ನಿಮಗೆ ಎಫ್‌ಎಎ ಆಡಿಟ್ ಯಾಕೆ?" ಅಂತ ಯಾರಾದರೂ ಕೇಳಿದರೆ ಉತ್ತರ ಇದೇ.

## ನಮ್ಮ ಕಡೆಯ ಪ್ರಶ್ನೆಗಳು

ಹಾಗಾದ್ರೆ ಇಂಡಿಯಾದ ಶಾಪ್‌ಗಳು ಏನ್ಮಾಡ್ತವೆ?

ನೇರವಾಗಿ ಹೋಗಿ ಅರ್ಜಿ ಹಾಕುತ್ತವೆ. ಇಯಾಸಾ ತನ್ನ ಕಡೆಯ ತಂಡ ಕಳಿಸಿ ವಿದೇಶಿ ಸಂಸ್ಥೆ ಅಂತ ಅಪ್ರೂವಲ್ ಕೊಡುತ್ತದೆ. ಎಫ್‌ಎಎಯೂ ಹಾಗೇ. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಏರ್ ವರ್ಕ್ಸ್ ಹ್ಯಾಂಗರಿಗೆ ಇಯಾಸಾ ಅಪ್ರೂವಲ್ ಸಿಕ್ಕಿದ್ದು, ಹೈದರಾಬಾದಿನ ಜಿಎಂಆರ್ ಕೇಂದ್ರಕ್ಕೆ ಇಯಾಸಾ ಮತ್ತು ಎಫ್‌ಎಎ ಎರಡೂ ಸಿಕ್ಕಿದ್ದು ಈ ದಾರಿಯಲ್ಲೇ. ಸೋದರಮಾವ ಇಲ್ಲ, ಹುಡುಗಿಯ ಕಡೆಯವರೇ ನೋಡಲು ಬರುತ್ತಾರೆ. ಓಡಾಟದ ಖರ್ಚು ನಮ್ಮದು.

ಇದು ಎರಡೂ ಕಡೆಗೆ. ಡಿಜಿಸಿಎಯೂ ವಿದೇಶದ ಶಾಪ್‌ಗಳಿಗೆ ಸಿಎಆರ್-145 ಅಪ್ರೂವಲ್ ಕೊಡುತ್ತದೆ. ನಮ್ಮ ಏರ್‌ಲೈನ್‌ಗಳ ಎಂಜಿನ್‌ಗಳು ಹೊರದೇಶಕ್ಕೆ ರಿಪೇರಿಗೆ ಹೋಗುತ್ತಾವಲ್ಲ, ಅಲ್ಲಿನ ಗೋಡೆಯ ಮೇಲೆ ಡಿಜಿಸಿಎಯ ಫ್ರೇಮ್ ನೋಡಬಹುದು.

ವಿಟಿ ವಿಮಾನಕ್ಕೆ ಡಿಜಿಸಿಎ ಸಾಕಲ್ವಾ? ಇಂಡಿಗೊ, ಏರ್ ಇಂಡಿಯಾದವರು ಯಾಕೆ ಯುರೋಪಿನ ಟ್ಯಾಗ್ ಕೇಳ್ತಾರೆ?

ಟ್ಯಾಗ್ ಅಂದರೆ ಕೆಲಸ ಮುಗಿದ ಭಾಗದ ಜೊತೆ ಹೋಗುವ ಬಿಡುಗಡೆ ಪತ್ರ, ಅಂದರೆ ರಿಲೀಸ್. ಕಾನೂನಿಗೆ ಡಿಜಿಸಿಎಯದು ಸಾಕು. ಮಾಲೀಕನಿಗೆ ಸಾಲದು.

ಭಾರತದಲ್ಲಿ ಹಾರುವ ದೊಡ್ಡ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು. ಮಾಲೀಕರು ಲೀಸಿಂಗ್ ಕಂಪನಿಗಳು, ಅವುಗಳಲ್ಲಿ ತುಂಬ ಇರುವುದು ಐರ್ಲೆಂಡಿನಲ್ಲಿ. ಕೆಲವು ವರ್ಷ ಇಲ್ಲಿ ವಿಟಿ ಆಗಿ ಹಾರಿದ ವಿಮಾನ ಲೀಸ್ ಮುಗಿದ ಮೇಲೆ ಟರ್ಕಿಗೋ ಬ್ರೆಜಿಲ್‌ಗೋ ಹೋಗಬಹುದು. ಆಗ ಹೊಸ ದೇಶದವರು ಪ್ರತಿ ಬಿಡಿಭಾಗದ ಕಾಗದ ಕೇಳುತ್ತಾರೆ. ಲ್ಯಾಂಡಿಂಗ್ ಗೇರಿಗೆ ಭಾರತದ ಟ್ಯಾಗ್ ಒಂದೇ ಇದ್ದರೆ ತಕರಾರು ಶುರು. ಮತ್ತೆ ಬಿಚ್ಚಿ, ಎಫ್‌ಎಎ ಅಥವಾ ಇಯಾಸಾ ಅಪ್ರೂವಲ್ ಇರುವ ಶಾಪ್‌ಗೆ ಕಳಿಸಿ, ಹೊಸ ಟ್ಯಾಗ್ ಮಾಡಿಸಬೇಕಾಗಬಹುದು. ಆ ಖರ್ಚು ನೆನೆಸಿಕೊಂಡೇ ಲೀಸ್ ಕರಾರಿನಲ್ಲಿ ಮೊದಲೇ ಬರೆದಿರುತ್ತಾರೆ: ಮುಖ್ಯ ಭಾಗಗಳಿಗೆ ಎಫ್‌ಎಎ ಅಥವಾ ಇಯಾಸಾ ರಿಲೀಸ್ ಇರಲೇಬೇಕು ಅಂತ.

ಮನೆ ಬಾಡಿಗೆಗೆ ಕೊಡುವಾಗ ಮಾಲೀಕರು "ಬಿಟ್ಟು ಹೋಗುವಾಗ ನಾನು ಹೇಳಿದ ಪೇಂಟೇ ಹೊಡೆಸಿಕೊಡಿ" ಅನ್ನುತ್ತಾರಲ್ಲ, ಹಾಗೆ. ಬಾಡಿಗೆದಾರನಿಗೆ ಯಾವ ಪೇಂಟಾದರೂ ಸರಿಯೇ. ಅಂದರೆ ಮಾನ್ಯತೆ ಬರೀ ಸುರಕ್ಷತೆಯ ವಿಷಯ ಅಲ್ಲ, ವಿಮಾನದ ಮರುಮಾರಾಟದ ಬೆಲೆಯೂ ಅದರಲ್ಲಿದೆ. ಡಿಜಿಸಿಎಗೆ ಇಯಾಸಾ ಜೊತೆ ರಿಪೇರಿ ಒಪ್ಪಂದ ಆದರೆ ಮೊದಲು ಖುಷಿಪಡುವವರು ಎಂಜಿನಿಯರ್‌ಗಳಲ್ಲ, ಲೀಸ್ ವಕೀಲರು.

ಡ್ಯುಯಲ್ ರಿಲೀಸ್ ಅಂತಾರಲ್ಲ, ಆ ಟ್ಯಾಗ್ ನೋಡೋಕೆ ಹೇಗಿರತ್ತೆ?

ಎ4 ಹಾಳೆ, ಅಡ್ಡಡ್ಡ, ಚೌಕಗಳಾಗಿ ಹಂಚಿದ್ದು. ಯುರೋಪಿನದು ಇಯಾಸಾ ಫಾರ್ಮ್ 1, ಅಮೆರಿಕದ್ದು ಎಫ್‌ಎಎ 8130-3, ನಮ್ಮದು ಸಿಎ ಫಾರ್ಮ್ 1. ಮೂರೂ ಅಕ್ಕತಂಗಿಯರ ಹಾಗೆ. 11ನೇ ಚೌಕದಲ್ಲಿ ಕೆಲಸದ ಹೆಸರು: ಓವರ್‌ಹಾಲ್, ರಿಪೇರಿ ಅಥವಾ ತಪಾಸಣೆ. 12ನೇ ಚೌಕದಲ್ಲಿ ವಿವರ: ಯಾವ ಮ್ಯಾನ್ಯುಯಲ್, ಅದರ ಎಷ್ಟನೇ ಪರಿಷ್ಕರಣೆ. ಬಲಗಡೆ 14ಎ ಅಂತ ಇದೆ. ಅಲ್ಲಿ ಟಿಕ್ ಹಾಕಲು ಎರಡು ಪುಟ್ಟ ಚೌಕ. ಒಂದು "ನಮ್ಮ ಪಾರ್ಟ್-145 ಪ್ರಕಾರ", ಇನ್ನೊಂದು "12ನೇ ಚೌಕದಲ್ಲಿ ಬರೆದ ಬೇರೆ ನಿಯಮದ ಪ್ರಕಾರ". ಡ್ಯುಯಲ್ ರಿಲೀಸ್ ಅಂದರೆ ಎರಡಕ್ಕೂ ಟಿಕ್ ಬೀಳಬೇಕು. 12ರಲ್ಲಿ ಅಮೆರಿಕದ ರಿಪೇರಿ ಕೆಲಸದ ನಿಯಮ ಪಾರ್ಟ್ 43ರ ಪ್ರಕಾರವೂ ಕೆಲಸ ಆಗಿದೆ ಅನ್ನುವ ಸಾಲು, ರಿಪೇರಿ ಕೇಂದ್ರದ ಎಫ್‌ಎಎ ನಂಬರ್ ಇರಬೇಕು.

ಜರ್ಮನಿಯಲ್ಲಿದ್ದಾಗ ಅಮೆರಿಕದ ಗಿರಾಕಿಗೆ ಒಂದು ನ್ಯೂಮ್ಯಾಟಿಕ್ ವಾಲ್ವ್ ಕಳಿಸಿದೆವು. ವಿಮಾನ ನೆಲದ ಮೇಲೆ ಅದಕ್ಕಾಗಿಯೇ ಕಾಯುತ್ತಿತ್ತು, ಅಂದರೆ ಎಒಜಿ. ವಾಲ್ವ್ ಸರಿಯಾಗಿತ್ತು. ಟೆಸ್ಟ್ ಬೆಂಚ್ ರೀಡಿಂಗ್ ಸರಿಯಾಗಿತ್ತು. 12ನೇ ಚೌಕದಲ್ಲಿ ಸಾಲೂ ಇತ್ತು. ಎರಡನೇ ಚೌಕಕ್ಕೆ ಟಿಕ್ ಬಿದ್ದಿರಲಿಲ್ಲ. ಅವರ ಸ್ಟೋರ್‌ನವರು ಪೆಟ್ಟಿಗೆ ತೆರೆದು, ಹಾಳೆ ನೋಡಿ, ಹಾಗೇ ಮುಚ್ಚಿ ಕೆಂಪು ಟ್ಯಾಗ್ ಹಚ್ಚಿ ಪಕ್ಕಕ್ಕಿಟ್ಟರು. ಸರಿಪಡಿಸಿದ ಹಾಳೆ ಹೋಗಿ, ಅವರ ಕಡೆ ಒಪ್ಪಿಗೆಯಾಗಿ, ವಾಲ್ವ್ ವಿಮಾನ ಸೇರಲು ಎರಡು ದಿನ. ಆ ಹಾಳೆಯನ್ನು ಕೊನೆಗೆ ನೋಡಿದವನು ನಾನೇ. ಇವತ್ತಿಗೂ ಟ್ಯಾಗ್ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು 14ಎಗೆ.

ನೇರ ಅಪ್ರೂವಲ್ ತಗೊಳ್ಳೋದು ಅಷ್ಟು ಕಷ್ಟನಾ?

ಕಷ್ಟಕ್ಕಿಂತ ಉದ್ದ. ಎಫ್‌ಎಎ ವಿಷಯದಲ್ಲಿ ಹೊಸಬರಿಗೆ ಆಶ್ಚರ್ಯ ಆಗುವುದು ‘ಅಗತ್ಯ’ದ ಷರತ್ತು. ಅಮೆರಿಕದ ಹೊರಗಿನವರು ಅರ್ಜಿ ಹಾಕುವಾಗ ಅಮೆರಿಕದಲ್ಲಿ ನೋಂದಣಿಯಾದ ವಿಮಾನಕ್ಕೆ ಅಥವಾ ಅದರ ಭಾಗಗಳಿಗೆ ಈ ಸರ್ಟಿಫಿಕೇಟ್ ನಿಜವಾಗಿ ಬೇಕು ಅಂತ ತೋರಿಸಬೇಕು. ಸುಮ್ನೆ ಗೋಡೆಗೆ ಚಂದ ಕಾಣಲಿ ಅಂತ ಕೊಡುವುದಿಲ್ಲ. ಅದಕ್ಕೇ ಗಿರಾಕಿಯಿಂದ ಪತ್ರ ತರಿಸುತ್ತಾರೆ. ಸಿಕ್ಕ ಮೇಲೆ ಮೊದಲ ಸಲ 12 ತಿಂಗಳು, ನಂತರ ನವೀಕರಣ 24 ತಿಂಗಳವರೆಗೆ. ಅಮೆರಿಕದೊಳಗಿನ ಕೇಂದ್ರಕ್ಕೆ ಈ ಅವಧಿ ಇಲ್ಲ. ಮರಳಿ ಕೊಡುವವರೆಗೆ ಅಥವಾ ಕಿತ್ತುಕೊಳ್ಳುವವರೆಗೆ ಅವರದು ನಡೆಯುತ್ತದೆ.

ನಂಗೆ ಸಿಎಆರ್-66 ಲೈಸೆನ್ಸ್ ಇದೆ. ಶಾಪ್‌ಗೆ ಇಯಾಸಾ ಬಂದ್ರೆ ನನ್ನ ಲೈಸೆನ್ಸೂ ಯುರೋಪಲ್ಲಿ ನಡೆಯತ್ತಾ?

ಇಲ್ಲ ತಮ್ಮಾ. ಎರಡೂ ಬೇರೆ ಬೇರೆ ದಾರಿ. ಸಂಸ್ಥೆಯ ಅಪ್ರೂವಲ್ ಆ ಕಟ್ಟಡಕ್ಕೆ. ಸಿಎಆರ್-66 ಡಿಜಿಸಿಎ ಕೊಡುವ ಎಂಜಿನಿಯರ್ ಲೈಸೆನ್ಸ್, ಅದು ನಿನಗೆ. ಇಲ್ಲಿನ ಇಯಾಸಾ ಅಪ್ರೂವಲ್ ಇರುವ ಶಾಪ್‌ನಲ್ಲಿ ಸಂಸ್ಥೆ ನಿನಗೆ ಸಹಿಯ ಅಧಿಕಾರ ಕೊಡಬಹುದು, ಆ ಅಧಿಕಾರ ಅದರ ಗೇಟಿನಾಚೆ ಬರುವುದಿಲ್ಲ. ಯುರೋಪಿನಲ್ಲಿ ಬಿ1 (ಮೆಕ್ಯಾನಿಕಲ್) ಅಥವಾ ಬಿ2 (ಏವಿಯಾನಿಕ್ಸ್) ಎಂಜಿನಿಯರ್ ಆಗಿ ಕೆಲಸ ಮಾಡಬೇಕಾದರೆ ಅಲ್ಲಿನ ಪಾರ್ಟ್-66 ಪರೀಕ್ಷೆ ಬರೆದು, ಅನುಭವ ತೋರಿಸಿ ಲೈಸೆನ್ಸ್ ತೆಗೆಯಬೇಕು. ಆದರೂ ಇಯಾಸಾ ಶಾಪ್‌ನಲ್ಲಿ ಮಾಡಿದ ಕೆಲಸದ ಲಾಗ್‌ಬುಕ್ ನೀಟಾಗಿ ಇಟ್ಟುಕೋ. ಒಂದು ದಿನ ಕೈಗೆ ಬರುತ್ತದೆ.

ಬೆಂಗಳೂರಲ್ಲಿ ದೊಡ್ಡ ದೊಡ್ಡ ಹ್ಯಾಂಗರ್ ಬರ್ತಿವೆಯಂತಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ, ಆದರೆ ಪೂರ್ತಿ ಅಲ್ಲ. ಏರ್ ಇಂಡಿಯಾ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 35 ಎಕರೆಯ ರಿಪೇರಿ ಕೇಂದ್ರದ ಕೆಲಸ ಶುರು ಮಾಡಿದ್ದು 2024ರಲ್ಲಿ. ಇಂಥ ಹ್ಯಾಂಗರ್‌ಗಳ ಮೊದಲ ಗಿರಾಕಿ ಆ ಏರ್‌ಲೈನೇ, ಅದಕ್ಕೆ ಡಿಜಿಸಿಎ ಮುಖ್ಯ. ತೆರಿಗೆಯೂ ನೆರವಾಯಿತು. ರಿಪೇರಿ ಸೇವೆಯ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಿಂದ 18ರಿಂದ 5 ಪರ್ಸೆಂಟಿಗೆ ಇಳಿಯಿತು. ಹೊರದೇಶದ ವಿಮಾನಗಳನ್ನೂ ಇಲ್ಲಿಗೆ ಕರೆಸಬೇಕು ಅಂದಾಗ ಮಾತ್ರ ಮಾನ್ಯತೆಯ ಪ್ರಶ್ನೆ ಮುಂದೆ ಬಂದು ನಿಲ್ಲುತ್ತದೆ. ಹ್ಯಾಂಗರ್ ಕಟ್ಟಲು ಎರಡು ವರ್ಷ ಸಾಕು. ನಿಯಂತ್ರಕರ ನಡುವೆ ನಂಬಿಕೆ ಕಟ್ಟಲು ಅಷ್ಟು ಸಾಲದು.

## ಸ್ವಲ್ಪ ಆಳಕ್ಕೆ

ಅಮೆರಿಕದ ಕಂಪನಿ ಬೆಂಗಳೂರಲ್ಲಿ ಶಾಪ್ ತೆರೆದ್ರೆ ಅಮೆರಿಕ–ಯುರೋಪ್ ಒಪ್ಪಂದ ಅದಕ್ಕೂ ಸಿಗತ್ತಾ?

ಸಿಗುವುದಿಲ್ಲ. ಒಪ್ಪಂದ ನೋಡುವುದು ಮಾಲೀಕರ ಪಾಸ್‌ಪೋರ್ಟನ್ನಲ್ಲ, ಕಟ್ಟಡ ಯಾವ ನೆಲದ ಮೇಲೆ ನಿಂತಿದೆ ಅಂತ. ಬೆಂಗಳೂರಿನ ಶಾಪ್‌ಗೆ ಎಫ್‌ಎಎ ಸರ್ಟಿಫಿಕೇಟ್ ಇದ್ದರೂ ಎಫ್‌ಎಎ ಮೂಲಕ ಇಯಾಸಾ ಪಡೆಯುವ ಹಾಗಿಲ್ಲ. ನೇರ ದಾರಿಯೇ ಗತಿ.

ಒಂದು ಆಡಿಟಲ್ಲಿ ಫೈಂಡಿಂಗ್ ಬಂದ್ರೆ ಇನ್ನೊಬ್ಬರಿಗೂ ಗೊತ್ತಾಗತ್ತಾ?

ಫೈಂಡಿಂಗ್ ಅಂದರೆ ಆಡಿಟರ್ ಕಂಡುಹಿಡಿದ ತಪ್ಪು. ಒಪ್ಪಂದ ಇರುವ ಕಡೆ ಗೊತ್ತಾಗುತ್ತದೆ. ಮಾಹಿತಿ ಹಂಚಿಕೊಳ್ಳಲೇಬೇಕು, ನಂಬಿಕೆ ನಿಂತಿರುವುದೇ ಅದರ ಮೇಲೆ. ಯುರೋಪಿನ ಲೆಕ್ಕದಲ್ಲಿ ಲೆವೆಲ್ 1 ಅಂದರೆ ಸುರಕ್ಷತೆಗೆ ಗಂಭೀರ ಧಕ್ಕೆ, ತಕ್ಷಣ ಕ್ರಮ. ಲೆವೆಲ್ 2ಕ್ಕೆ ಸರಿಪಡಿಸಲು ಮೊದಲಿಗೆ ಮೂರು ತಿಂಗಳವರೆಗೆ ಸಮಯ. ಮೂಲ ಅಪ್ರೂವಲ್ ಅಮಾನತಾದರೆ ಅದರ ಮೇಲೆ ಕೂತ ಸಪ್ಲಿಮೆಂಟ್ ಅಪ್ರೂವಲ್ ಕೂಡ ಬೀಳುತ್ತದೆ. ಬುಡ ಕಡಿದ ಮೇಲೆ ಬಳ್ಳಿ ಎಲ್ಲಿ ನಿಲ್ಲುತ್ತದೆ?

ನೇರ ಅಪ್ರೂವಲ್‌ಗಳು ಹಾಗಲ್ಲ, ಒಂದೊಂದೂ ತನ್ನ ಕಾಲ ಮೇಲೆ ನಿಲ್ಲುತ್ತದೆ. ಹಾಗಂತ ಒಬ್ಬರ ಫೈಂಡಿಂಗನ್ನು ಇನ್ನೊಬ್ಬರಿಂದ ಮುಚ್ಚಿಡಲು ಹೋಗಬೇಡಿ. ಮುಂದಿನ ಆಡಿಟರ್ ಮೊದಲು ಕೇಳುವುದೇ ಹಿಂದಿನ ವರದಿ.

ಒಪ್ಪಂದ ಮುರಿದುಬಿದ್ರೆ?

ಬ್ರಿಟನ್ ನೋಡಿ. ಇಯಾಸಾ ಸದಸ್ಯನಾಗಿದ್ದಾಗ ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಸಿಎಎ ಕೊಟ್ಟ ಪಾರ್ಟ್-145 ಇಡೀ ಯುರೋಪಿಗೆ ನಡೆಯುತ್ತಿತ್ತು. ಬ್ರೆಕ್ಸಿಟ್‌ನಿಂದಾಗಿ 2020ರ ಡಿಸೆಂಬರ್ 31ರ ರಾತ್ರಿ ಅದು ನಿಂತಿತು. ಮರುದಿನ ಬೆಳಿಗ್ಗೆ ಅದೇ ಹ್ಯಾಂಗರ್, ಅದೇ ಜನ, ಅದೇ ರೆಂಚ್. ಆದರೆ ಯುರೋಪಿನ ವಿಮಾನಕ್ಕೆ ಅವರ ಸಹಿ ನಡೆಯದು. ಬ್ರಿಟನ್–ಯುರೋಪ್ ವ್ಯಾಪಾರ ಒಪ್ಪಂದದಲ್ಲಿ ವಿಮಾನ ಸುರಕ್ಷತೆಯ ಅಧ್ಯಾಯ ಇದ್ದರೂ ರಿಪೇರಿ ಅಪ್ರೂವಲ್‌ಗೆ ಮಾನ್ಯತೆ ಬರಲಿಲ್ಲ. ಬ್ರಿಟನ್ನಿನ ಶಾಪ್‌ಗಳು ಮೊದಲೇ ಅರ್ಜಿ ಹಾಕಿ, ನಮ್ಮ ಹಾಗೇ ‘ವಿದೇಶಿ ಸಂಸ್ಥೆ’ ಅಂತ ಇಯಾಸಾ ಅಪ್ರೂವಲ್ ತೆಗೆದುಕೊಂಡವು. ಬ್ರಿಟನ್ ಮಾತ್ರ ಯುರೋಪಿನ ಸರ್ಟಿಫಿಕೇಟ್‌ಗಳನ್ನು ಎರಡು ವರ್ಷದವರೆಗೆ ಒಪ್ಪುತ್ತೇನೆ ಅಂದಿತ್ತು. ವಿಚಿತ್ರ ಅಂದರೆ ಅಮೆರಿಕದ ಜೊತೆಗಿನ ನಂಟು ಕಡಿಯಲಿಲ್ಲ. 1995ರ ಹಳೆಯ ಅಮೆರಿಕ–ಬ್ರಿಟನ್ ಒಪ್ಪಂದದ ಅಡಿಯಲ್ಲಿ ಹೊಸ ಕ್ರಮ ಸಿದ್ಧ ಮಾಡಿ ಇಟ್ಟಿದ್ದರು. ಪಕ್ಕದ ಮನೆ ದೂರ ಆಯಿತು, ಸಮುದ್ರದಾಚೆಯದು ಹತ್ತಿರ ಉಳಿಯಿತು.

ಇದೆಲ್ಲ ಬರೀ ತಾಂತ್ರಿಕ ವಿಷಯಾನಾ, ರಾಜಕೀಯನೂ ಇದೆಯಾ?

ಇದೆ, ಧಾರಾಳವಾಗಿ. ವಿದೇಶಿ ರಿಪೇರಿ ಕೇಂದ್ರಗಳಿಗೆ ಭದ್ರತಾ ನಿಯಮ ಮಾಡಿ ಅಂತ ಅಮೆರಿಕದ ಸಂಸತ್ತು ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆಗೆ ಹೇಳಿತ್ತು. ನಿಯಮ ಬರುವುದು ತಡವಾಯಿತು. ಅದಕ್ಕೆ 2008ರ ಆಗಸ್ಟ್‌ನಿಂದ ಹೊಸ ವಿದೇಶಿ ಕೇಂದ್ರಗಳಿಗೆ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ ಅಂತ ಎಫ್‌ಎಎಯ ಕೈ ಕಟ್ಟಿಹಾಕಿದರು. ನಿಯಮ ಬಂದದ್ದು 2014ರ ಜನವರಿಯಲ್ಲಿ. ಐದು ವರ್ಷಕ್ಕೂ ಜಾಸ್ತಿ. ತಪ್ಪು ಯಾರದೋ, ಕಾದವರು ಹೊರದೇಶದ ಶಾಪ್‌ಗಳು.

ಅಮೆರಿಕದ ಕಾರ್ಮಿಕ ಸಂಘಗಳಿಗೆ ಕೆಲಸ ಹೊರಗೆ ಹೋಗುವ ಚಿಂತೆ. "ನಮಗೊಂದು ನಿಯಮ, ಅವರಿಗೊಂದು ನಿಯಮ ಯಾಕೆ?" ಅನ್ನುವ ಅವರ ಪ್ರಶ್ನೆಯಲ್ಲಿ ಹುರುಳೂ ಇದೆ. ಅಮೆರಿಕದ ಏರ್‌ಲೈನ್‌ಗಳ ವಿಮಾನದ ಮೇಲೆ ಕೆಲಸ ಮಾಡುವ ವಿದೇಶಿ ಕೇಂದ್ರಗಳಲ್ಲೂ ಮದ್ಯ ಮತ್ತು ಮಾದಕವಸ್ತು ಪರೀಕ್ಷೆ ನಡೆಯಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಎಫ್‌ಎಎ ನಿಯಮ ಹೊರಡಿಸಿತು. ಪಾಲಿಸಲು 2027ರ ಡಿಸೆಂಬರ್‌ವರೆಗೆ ಗಡುವು. ನೌಕರನ ಮೂತ್ರ ಪರೀಕ್ಷೆಗೆ ಕೆಲವು ದೇಶಗಳ ಖಾಸಗಿತನದ ಕಾನೂನು ಅಡ್ಡ ಬರುತ್ತದೆ. ಇಂಥ ಗಂಟು ಬಿಚ್ಚಲು ಟಾರ್ಕ್ ರೆಂಚ್ ಸಾಲದು.

ಒಬ್ಬರ ಟ್ಯಾಗ್ ಎಲ್ಲರೂ ಒಪ್ಪಿದ್ರೆ ಖೋಟಾ ಮಾಡೋದೂ ಸುಲಭ ಅಲ್ವಾ?

ಒಳ್ಳೆಯ ಪ್ರಶ್ನೆ. 2023ರಲ್ಲಿ ಲಂಡನ್ನಿನ ಒಬ್ಬ ಮಾರಾಟಗಾರ ಸಿಎಫ್‌ಎಂ56 ಎಂಜಿನ್ ಭಾಗಗಳನ್ನು ಖೋಟಾ ಕಾಗದದ ಜೊತೆ ಮಾರಿದ್ದು ಬಯಲಾಯಿತು. ಹಲವು ದೇಶದ ಏರ್‌ಲೈನ್‌ಗಳು ಎಂಜಿನ್ ಬಿಚ್ಚಿ ನೋಡಬೇಕಾಯಿತು. ಆದರೆ ಒಂದು ಗಮನಿಸಿ. ಅಲ್ಲಿ ಸೋತದ್ದು ಮಾನ್ಯತೆಯ ವ್ಯವಸ್ಥೆ ಅಲ್ಲ, ಹಾಳೆಯನ್ನು ನಂಬುವ ಅಭ್ಯಾಸ. ಮಾರಾಟಗಾರ ರಿಪೇರಿ ಸಂಸ್ಥೆ ಅಲ್ಲ, ಬರೀ ದಲ್ಲಾಳಿ. ಟ್ಯಾಗ್ ಮೇಲೆ ಹೆಸರಿದ್ದ ಸಂಸ್ಥೆಗೆ ಒಂದು ಮೇಲ್ ಹಾಕಿ "ಇದು ನಿಮ್ಮದೇನಾ?" ಅಂತ ಕೇಳಿದ್ದರೆ ಗೊತ್ತಾಗುತ್ತಿತ್ತು. ಈಗ ನಮ್ಮ ಶಾಪ್‌ನಲ್ಲಿ ದಲ್ಲಾಳಿ ಮೂಲಕ ಬಂದ ಭಾಗಕ್ಕೆ ಆ ಮೇಲ್ ಹೋಗಿ ಉತ್ತರ ಬರುವವರೆಗೆ ಪೆಟ್ಟಿಗೆ ಒಳಗೆ ಬರುವುದಿಲ್ಲ.

ಇಡೀ ಜಗತ್ತಿಗೆ ಒಂದೇ ಅಪ್ರೂವಲ್ ಯಾಕೆ ಆಗಬಾರದು?

ಮಾತು ನಡೆಯುತ್ತಲೇ ಇದೆ. ನನಗೆ ಕಾಣುವ ತೊಡಕು ಎರಡು. ಮೊದಲನೆಯದು, ಎಲ್ಲ ದೇಶದ ನಿಯಂತ್ರಕರಲ್ಲೂ ಅಷ್ಟು ಇನ್‌ಸ್ಪೆಕ್ಟರ್‌ಗಳಿಲ್ಲ, ಅಷ್ಟು ಅನುಭವವೂ ಇಲ್ಲ. ಕಾಗದದ ಮೇಲೆ ನಿಯಮ ಒಂದೇ ಇರಬಹುದು, ನೋಡುವ ಕಣ್ಣು ಒಂದೇ ಅಲ್ಲ. ಎರಡನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ: ಫೀಸು. ವಿದೇಶಿ ಶಾಪ್‌ಗಳ ಆಡಿಟ್‌ನಿಂದ ಬರುವ ಹಣ, ಓಡಾಟ, ವರ್ಚಸ್ಸು ಬಿಡಲು ಯಾವ ಇಲಾಖೆಗೂ ಅವಸರ ಇಲ್ಲ.

ಸಣ್ಣ ಕಾಂಪೊನೆಂಟ್ ಶಾಪ್ ಶುರು ಮಾಡ್ತಿದ್ದೀನಿ. ಮೊದಲು ಯಾವುದಕ್ಕೆ ಅರ್ಜಿ ಹಾಕ್ಲಿ?

ಸಿಎಆರ್-145. ಅದು ಮನೆಯ ಅಡಿಪಾಯ. ಅದರ ಎಕ್ಸ್‌ಪೊಸಿಷನ್ ಬರೆಯುವಾಗಲೇ ಯುರೋಪಿನ ಪಾರ್ಟ್-145 ಪಕ್ಕದಲ್ಲಿಟ್ಟುಕೊಂಡು ಬರೆಯಿರಿ, ಆಮೇಲೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಒಂದು ವರ್ಷ ನಡೆಸಿ. ಗಿರಾಕಿಗಳು ಯಾವ ಟ್ಯಾಗ್ ಇಲ್ಲ ಅಂತ ವಾಪಸ್ ಹೋದರು, ಬರೆದಿಟ್ಟುಕೊಳ್ಳಿ. ಆ ಪಟ್ಟಿಯಲ್ಲಿ ಯಾವ ಹೆಸರು ಜಾಸ್ತಿ ಸಲ ಬಂದಿದೆಯೋ ಅದಕ್ಕೆ ಅರ್ಜಿ. ಒಬ್ಬರೇ ಕ್ವಾಲಿಟಿ ಮ್ಯಾನೇಜರ್ ಇದ್ದರೆ ಮೂರನೇ ವಿದೇಶಿ ಅಪ್ರೂವಲ್‌ಗೆ ಕೈ ಹಾಕಬೇಡಿ. ಆಡಿಟ್‌ಗಳ ನಡುವೆ ಅವರಿಗೆ ಶಾಪ್ ಒಳಗೆ ನಡೆದಾಡಲು ಸಮಯವೇ ಸಿಗುವುದಿಲ್ಲ. ಫ್ರೇಮ್ ಹಾಕಿಸುವುದಾದರೆ ಚಿಕ್ಕಪೇಟೆಯಲ್ಲಿ ಅಗ್ಗ.